ಟೈಲ್ಸ್ ಕೋಣೆಯ ದನಿ

ಬುಧವಾರ, ಮಧ್ಯಾಹ್ನ

ಅಮ್ಮನಿಗೆ,

ಮೊದಲು ‘ಪ್ರೀತಿಯ’ ಎಂದು ಬರೆದಿದ್ದೆ, ಆಮೇಲೆ ಹೊಡೆದುಹಾಕಿದೆ. ಎದುರಿಗೆ ಬಂದು ಹೇಳಿದರೆ ನೀನು ಅಳುತ್ತೀಯ, ನಾನು ಸುಮ್ಮನಾಗುತ್ತೇನೆ. ಅದಕ್ಕೇ ಈ ಕಾಗದ.

ನಿನ್ನ ಆ ಹೆಸರಾಂತ ಹಾಡನ್ನು ಹೊಸದಾಗಿ ಹೊರತರುವ ಕೆಲಸ ನನಗೇ ಸಿಗುವಂತೆ ಮಾಡಿದವಳು ನೀನು. ಹಳೇ ಪ್ರತಿಧ್ವನಿಯನ್ನು ಪೂರ್ತಿ ತೆಗೆದು ಕಂಪ್ಯೂಟರಿನಲ್ಲಿ ಅಂಥದ್ದೇ ಹೊಸದು ಮಾಡಿ ಹಾಕು, ಹಳೆಯದರಲ್ಲಿ ಬರೀ ಗೊರಗೊರ ಎಂದೆ ನೀನು. ಮಗಳು ಸೌಂಡ್ ಎಂಜಿನಿಯರ್ ಎಂದು ನಿನಗೆ ಹೆಮ್ಮೆ ಅಂದುಕೊಂಡು ಉಬ್ಬಿಹೋಗಿದ್ದೆ. ಈಗ ನೆನೆದರೆ ಹೇಸಿಗೆಯಾಗುತ್ತದೆ.

ಮೂರು ವಾರ ಒದ್ದಾಡಿದೆ. ಆ ಕಾಲದ ರೀತಿ ನಿನಗೇ ಗೊತ್ತು: ಹಾಡುವ ದನಿಯನ್ನು ಟೈಲ್ಸ್ ಹಾಕಿದ ಖಾಲಿ ಕೋಣೆಯೊಂದರ ಸ್ಪೀಕರಿಗೆ ಕಳಿಸಿ, ಗೋಡೆಗೆ ಬಡಿದು ಬಂದದ್ದನ್ನು ಮೂಲೆಯ ಮೈಕಿನಲ್ಲಿ ಹಿಡಿಯುತ್ತಿದ್ದರು. ಹಳೇ ಸ್ಟುಡಿಯೋಗೆ ಹೋದೆ. ಆ ಕೋಣೆ ಈಗ ಬಕೆಟ್, ಪೊರಕೆ ಇಡುವ ಜಾಗ. ಎಲ್ಲ ಹೊರಗಿಟ್ಟು, ಬಲೂನು ಒಡೆದು, ಆ ಸದ್ದನ್ನು ರೆಕಾರ್ಡ್ ಮಾಡಿಕೊಂಡೆ. ಅಷ್ಟು ಕೊಟ್ಟರೆ ಸಾಕು, ಆ ಕೋಣೆ ಯಾವ ದನಿಯನ್ನು ಹೇಗೆ ಮರಳಿಸುತ್ತದೆಂದು ಸಾಫ್ಟ್‌ವೇರ್ ಲೆಕ್ಕ ಹಾಕುತ್ತದೆ. ಹಳೇ ಟೇಪಿನಲ್ಲಿ ಬೇರೆಯಾಗಿದ್ದ ನಿನ್ನ ಬರಿಯ ದನಿಯನ್ನು ಅದರೊಳಗೆ ಹಾಯಿಸಿದೆ. ತಗ್ಗಿನ ಗುಂಯ್ ಎನ್ನುವುದನ್ನು ಕತ್ತರಿಸಿದೆ, ಪ್ರತಿಧ್ವನಿ ಒಂದು ಚೂರು ತಡವಾಗಿ ಬರುವಂತೆ ಮಾಡಿದೆ. ಏನು ಮಾಡಿದರೂ ಹಳೆಯದಕ್ಕೆ ಹೊಂದಲಿಲ್ಲ. ಕೊನೆಯ ಚರಣದ ಮೇಲಿನ ಸ್ವರದಲ್ಲಿ ನೀನು ಶ್ರುತಿ ತಪ್ಪಿದ್ದೀಯ, ಹಳೇ ಪ್ರತಿಧ್ವನಿ ಮಾತ್ರ ಸರಿಯಾಗಿದೆ. ಗೋಡೆಗಳು ಅಪಸ್ವರ ತಿದ್ದುವುದಿಲ್ಲ, ಅಮ್ಮ.

ಕಡೆಗೆ ಟೇಪಿನಿಂದ ಪ್ರತಿಧ್ವನಿಯನ್ನಷ್ಟೇ ಬೇರೆ ಮಾಡಿ ಕೇಳಿದೆ. ಮೊದಲು ಯಾರೋ ಉಸಿರೆಳೆದುಕೊಂಡರು. ಆಮೇಲೆ, ನನ್ನ ತಲೆ ಬಾಚುತ್ತಾ ಗುನುಗುತ್ತಿದ್ದ ದನಿ. ಚಿಕ್ಕಮ್ಮನ ದನಿ.

ಅವಳನ್ನೇ ಹೋಗಿ ಕೇಳಿದೆ. ಸೊಪ್ಪು ಬಿಡಿಸುತ್ತಾ ನಗುನಗುತ್ತಲೇ ಹೇಳಿದಳು. ಆ ಸ್ವರ ನಿನಗೆ ಎಟುಕಲಿಲ್ಲವಂತೆ. ಸ್ಪೀಕರ್ ಆರಿಸಿ, ಹೆಡ್‌ಫೋನ್ ಹಾಕಿ ಅವಳನ್ನು ಆ ಕೋಣೆಯಲ್ಲಿ ನಿಲ್ಲಿಸಿದರಂತೆ. ಹಾಡಿನುದ್ದಕ್ಕೂ ನಿನ್ನ ಬೆನ್ನಿಗೇ ಹಾಡಿದಳಂತೆ.

“ಅಕ್ಕನ ಮಾನ ಹೋಗ್ತಿತ್ತಲ್ಲ, ನಿಂತ್ಕೊಂಡೆ. ಯಾರಿಗೂ ಹೇಳ್ಬೇಡ ಅಂದ್ಲು, ಹೇಳ್ಲಿಲ್ಲ,” ಎಂದಳು.

ದೂರಿನ ಒಂದು ಮಾತೂ ಇಲ್ಲ. ಅದಕ್ಕೇ ನನಗೆ ಮೈಯೆಲ್ಲ ಉರಿದುಹೋಯಿತು. ಜನ ಮರುಳಾದದ್ದು ಆ ಪ್ರತಿಧ್ವನಿಗೇ ತಾನೆ? ಸಂದರ್ಶನ ಮಾಡಲು ಬಂದವರಿಗೆಲ್ಲ ನೀನು ಅದು ಕೋಣೆಯ ಪುಣ್ಯ ಎಂದು ಹೇಳುತ್ತಿದ್ದೆ, ಅವಳು ಅವರಿಗೇ ಕಾಫಿ ತಂದಿಡುತ್ತಿದ್ದಳು. ಅವಳು ಹಾಡಿದ್ದು ಈ ಜಗತ್ತಿನಲ್ಲಿ ಅದೊಂದೇ ಕಡೆ ಉಳಿದಿರುವುದು. ಅದನ್ನೂ ಅಳಿಸಬೇಕೆನಿಸಿತು ನಿನಗೆ, ಅದೂ ಅವಳೇ ಸಾಕಿದ ನನ್ನ ಕೈಯಿಂದ. ನಿನ್ನ ಹಾಡು ಎಲ್ಲಾದರೂ ಕಿವಿಗೆ ಬಿದ್ದರೆ ಅಲ್ಲಿಂದ ಎದ್ದು ಹೋಗುತ್ತೇನೆ.

ಅವಳು ನನ್ನನ್ನು ಕೇಳಿದ್ದು ಒಂದೇ: ಹೊಸದು ಸಿದ್ಧವಾದಾಗ ಒಮ್ಮೆ ಕೇಳಿಸು ಅಂತ. ಹೆಸರು ಹಾಕು ಅನ್ನಲೂ ಇಲ್ಲ.

ಓದಿ ಅಳಬೇಡ. ಅತ್ತರೂ ನನಗೆ ತಿಳಿಸಬೇಡ.

ನೀನು ಹೆತ್ತ, ಚಿಕ್ಕಮ್ಮ ಬೆಳೆಸಿದ
ಮಗಳು

ಮರೆತಿದ್ದೆ. ಸುಳ್ಳು, ಮರೆತಿರಲಿಲ್ಲ, ಬರೆಯಲು ನಾಚಿಕೆಯಾಗಿತ್ತು. ಹೊಸ ಹಾಡನ್ನು ಸೋಮವಾರವೇ ಕಂಪನಿಗೆ ಕಳಿಸಿಬಿಟ್ಟೆ, ನೀನು ಹೇಳಿದಂತೆಯೇ. ಗುಟ್ಟು ಗೊತ್ತಾದ ಮೇಲೆ ಕಷ್ಟವೇನೂ ಆಗಲಿಲ್ಲ: ನಿನ್ನ ದನಿಯನ್ನೇ ಶ್ರುತಿಗೆ ಕೂರಿಸಿ, ತೆಳುವಾಗಿಸಿ, ಮುಂದೊಂದು ಉಸಿರು ಅಂಟಿಸಿ ಆ ಕೋಣೆಯೊಳಗೆ ಬಿಟ್ಟೆ. ನಿನ್ನ ಮೇಲಿನ ಭಯವೋ, ಅಂತೂ ಹೊಂದಿಸಿದೆನೆಂಬ ಜಂಬವೋ, ನನಗೇ ಗೊತ್ತಿಲ್ಲ. ನಿನ್ನೆ ಚಿಕ್ಕಮ್ಮನಿಗೆ ಕೇಳಿಸಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದಳು. “ಆವಾಗ ನಾನೂ ಚೆನ್ನಾಗೇ ಹಾಡ್ತಿದ್ದೆ ಅಲ್ವಾ?” ಎಂದಳು. ಅವಳ ದನಿ ಅದರಲ್ಲಿ ಒಂದೆಳೆಯೂ ಇರಲಿಲ್ಲ. ನಾನು ಹೂಂ ಎಂದೆ.