ಕತ್ತು ಕುಯ್ದ ಬೈಕಿಗೆ ನಿಮ್ಮ ಮೊಹರು

ಮಾನ್ಯ ವಾಹನ ತಪಾಸಣಾಧಿಕಾರಿಗಳೇ,

ಹೋದ ತಿಂಗಳು ತಾವು ‘ರಸ್ತೆಗೆ ಯೋಗ್ಯ’ ಎಂದು ಮೊಹರು ಒತ್ತಿ ಕಳಿಸಿದ ಬೈಕಿನ ಕತ್ತು ಬಿರುಕು ಬಿಟ್ಟಿದೆ. ಆ ಕತ್ತನ್ನು ಕುಯ್ದು ಬೆಸೆದ ವೆಲ್ಡರ್ ನಾನೇ. ಆದ್ದರಿಂದ ಇದನ್ನು ಗಾಳಿಸುದ್ದಿ ಎಂದು ತಳ್ಳಿಹಾಕುವ ಸೌಕರ್ಯ ತಮಗಿಲ್ಲ.

ಈಗಿನ ದೊಡ್ಡ ಗಾಲಿಯ ಹುಚ್ಚು ತಮಗೆ ಗೊತ್ತಿಲ್ಲದ್ದೇನಲ್ಲ, ತಮ್ಮ ಕಚೇರಿಯ ಅಂಗಳದಲ್ಲೇ ಸಾಲುಗಟ್ಟಿ ನಿಂತಿರುತ್ತದೆ. ಹಿಂದಿನ ಚಕ್ರ ಇದ್ದಷ್ಟೇ, ಮುಂದಿನದು ಮಾತ್ರ ಸವಾರನ ಸೊಂಟದೆತ್ತರ. ಅದು ತಿರುವಿನಲ್ಲಿ ತಿರುಗುವುದಿಲ್ಲ, ಬ್ರೇಕ್ ಒತ್ತಿದರೆ ಯೋಚನೆ ಮಾಡಿ ನಿಲ್ಲುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುತ್ತಾರೆ. ಆ ಹೂವಾದರೂ ಉದುರಿದರೆ ಯಾರ ತಲೆಯೂ ಒಡೆಯುವುದಿಲ್ಲ. ಈ ಗಾಲಿಗಳನ್ನು ಕಂಡರೆ ನನಗೆ ವಾಕರಿಕೆ. ಕೂರಿಸಿಕೊಟ್ಟ ನನ್ನ ಕೈಗಳನ್ನು ಕಂಡರೂ ಅಷ್ಟೇ.

ಅಷ್ಟು ದೊಡ್ಡ ಚಕ್ರ ಹಿಡಿಯಬೇಕಾದರೆ ಹ್ಯಾಂಡಲ್ ಕೂರುವ ಕತ್ತನ್ನು ಕತ್ತರಿಸಿ ಮುಂದಕ್ಕೆ ಓರೆ ಮಾಡಿ ಬೆಸೆಯಬೇಕು. ಚಾಸಿ ನಂಬರು ಕೆತ್ತಿರುವುದೂ ಅಲ್ಲೇ. ತಮ್ಮ ತಪಾಸಣೆ ಎಂದರೇನು? ಆ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವುದು, ಹಾರ್ನ್ ಹೊಡೆಸುವುದು, ಮೊಹರು ಒತ್ತುವುದು. ನಂಬರಿಗೆ ಗೀರು ಬಿದ್ದರೆ ಬೈಕು ಫೇಲು. ಹಾಗಾಗಿ ನಮ್ಮ ಕಸುಬಿನವರೆಲ್ಲ ಕಲಿತ ವಿದ್ಯೆ ಒಂದೇ: ನಂಬರು ಉಳಿಸು. ನಾನೂ ಉಳಿಸಿದೆ. ಕುಯ್ಯಬೇಕಾದ ಗಟ್ಟಿ ಜಾಗ ಬಿಟ್ಟು, ಎರಡು ಬೆರಳು ಹಿಂದೆ, ಕೊಳವೆ ತೆಳ್ಳಗಿರುವಲ್ಲಿ ಕುಯ್ದೆ. ನಂಬರು ಹೊಳೆಯುವಂತೆ ಒರೆಸಿಯೂ ಕೊಟ್ಟೆ. ತಾವು ಉಜ್ಜಿದಿರಿ. ಎರಡು ಬೆರಳಿನಾಚೆಗೆ ಕಣ್ಣು ಹಾಯಿಸಿದ್ದರೆ ದೃಷ್ಟಿ ಸವೆದುಹೋಗುತ್ತಿತ್ತೇ?

ಆ ಬೈಕು ನನ್ನ ಅಕ್ಕನ ಗಂಡನದು. ಹಿಂದೆ ಕೂತು ಶಾಲೆಗೆ ಹೋಗುವುದು ಅವರ ಎಂಟು ವರ್ಷದ ಮಗಳು. ಭಾನುವಾರ ಅವಳೇ ಹೇಳಿದಳು: “ಮಾಮ, ಅಪ್ಪ ಬ್ರೇಕ್ ಹಾಕಿದಾಗೆಲ್ಲ ಟಕ್ ಅನ್ನತ್ತೆ.” ಟಾರ್ಚ್ ಬಿಟ್ಟು ನೋಡಿದೆ. ಬೆಸುಗೆಯ ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು.

“ಭಾವ, ಇದನ್ನ ಇನ್ನು ಮುಟ್ಟಬೇಡಿ. ಕೈಮುಗಿತೀನಿ.”

ಭಾವ ಒಳಗೆ ಹೋಗಿ, ತಾವು ಕೊಟ್ಟ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿಟ್ಟಿದ್ದನ್ನೇ ತಂದರು. “ಓದಿದ ಸಾಹೇಬರು ಪಾಸ್ ಮಾಡಿದಾರೆ. ನಿಂದೇನಯ್ಯ ದೊಡ್ಡ ಪಂಚಾಯ್ತಿ? ಗಾಡಿ ನೋಡಿ ಹೊಟ್ಟೆಕಿಚ್ಚಾ?”

ಬೀಗದ ಕೈ ಕಿತ್ತುಕೊಂಡೆ. ಅವರು ಅದನ್ನು ಕಸಿದುಕೊಂಡು ನನ್ನನ್ನು ಆಚೆ ಹಾಕಿದರು. ಅಕ್ಕ ಫೋನು ಎತ್ತುತ್ತಿಲ್ಲ. ಸೋಮವಾರ ತಮ್ಮ ಕಚೇರಿಗೆ ಬಂದರೆ, ದೂರು ವಾಹನದ ಮಾಲೀಕರೇ ಕೊಡಬೇಕು ಎಂದು ಗುಮಾಸ್ತರು ಅಪ್ಪಣೆ ಕೊಡಿಸಿದರು.

ನಾನು ಕುಯ್ದ ಏಳು ಬೈಕುಗಳ ನಂಬರು ಈ ಪತ್ರದೊಂದಿಗಿದೆ. ಏಳನ್ನೂ ಹಿಂದಕ್ಕೆ ಕರೆಸಿ, ಪ್ರಮಾಣಪತ್ರ ರದ್ದು ಮಾಡಿ, ನನ್ನ ಅಂಗಡಿಗೂ ಬೀಗ ಜಡಿಯಿರಿ. ಮೊದಲನೆಯದು ಭಾವನದು. ನನ್ನ ಮಾತಿಗೆ ಅವರು ನಿಲ್ಲುವುದಿಲ್ಲ, ತಮ್ಮ ಒಂದು ಸಾಲಿಗೆ ನಿಲ್ಲುತ್ತಾರೆ. ಆ ಸಾಲನ್ನು ಇವತ್ತೇ ಬರೆಯಿರಿ. ನಾಳೆ ಬೆಳಿಗ್ಗೆ ಎಂಟಕ್ಕೆ ಮಗು ಶಾಲೆಗೆ ಹೊರಡುತ್ತದೆ.

ಇಂತಿ,
ಕಸುಬು ಬಲ್ಲವನಾಗಿದ್ದೂ ಕೆಡಿಸಿದ ವೆಲ್ಡರ್,
ಆ ಮಗುವಿನ ಸೋದರಮಾವ