ಪದ್ಮಲತಾ ಗೆರೆ ದಾಟಿರಲಿಲ್ಲ

ವಾಕ್ಸಿದ್ಧ ಪಂಡಿತರ ಪರಿಷತ್ತಿನ ಪೀಠಾಧ್ಯಕ್ಷರಿಗೆ.

ಆಡಿದ್ದೆಲ್ಲ ಆಗಿಬಿಡುವ ಮಾನ್ಯರೇ,

ನನ್ನ ಅಕ್ಕ ಜಿನಶ್ರೀ ಅರೇಹಳ್ಳಿಯಲ್ಲಿ ಸಾಯುತ್ತಿದ್ದಾಳೆ. ನಾನು ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಲ್ಲಿದ್ದೇನೆ. ಅವಳ ಹತ್ತಿರ ಹೋಗಲೆಂದು ಈ ತಿಂಗಳು ಒಂಬತ್ತು ಸಲ ಬಸ್ಸು ಹತ್ತಿದೆ. ಒಂದು ಸಲವೂ ಅರೇಹಳ್ಳಿ ಕಾಣಲಿಲ್ಲ. ಬೇಲೂರು ಪೇಟೆ ಮುಗಿಯುವ ಕಡೆ ಉಗ್ರಪ್ಪನ ಪಂಚರ್ ಅಂಗಡಿ ಇದೆ. ಬಸ್ಸು ಅದನ್ನು ದಾಟುತ್ತದೆ, ನಾನು ದಾಟುವುದಿಲ್ಲ. ನಾನು ಕೂತಿದ್ದ ಸೀಟು ಅರೇಹಳ್ಳಿಗೆ ಹೋಗುತ್ತದೆ. ನಾನು ಟಿಕೆಟ್ಟು ಹಿಡಿದುಕೊಂಡು ರಸ್ತೆಯಲ್ಲಿ ನಿಂತಿರುತ್ತೇನೆ. ಇದು ತಮ್ಮ ವಿದ್ಯೆಯ ಪ್ರತಾಪ. ಮಂತ್ರ ಕಲಿತ ಪಂಡಿತರೇ ನಮ್ಮನ್ನು ಆಳಲಿ ಎಂದು ಹನ್ನೊಂದು ವರ್ಷದ ಹಿಂದೆ ಒಪ್ಪಿಕೊಂಡವರಲ್ಲಿ ನಾನೂ ಒಬ್ಬ. ಆದ್ದರಿಂದ ದೂರುವ ಹಕ್ಕು ನನಗೆ ಅರ್ಧ ಮಾತ್ರ ಇದೆ. ಆ ಅರ್ಧವನ್ನಾದರೂ ಟು ದಿ ಪಾಯಿಂಟ್ ಹೇಳುತ್ತೇನೆ. ಹಾಸನದ ಕಾಲೇಜಿನಲ್ಲಿ ಎರಡು ವರ್ಷ ಕಲಿತ ಇಂಗ್ಲಿಷಿನಲ್ಲಿ ಉಳಿದಿರುವುದು ಇಂಥ ಚೂರುಪಾರೇ, ಮನ್ನಿಸಬೇಕು.

ಒಂಬತ್ತನೇ ಸಲ ಕಂಡಕ್ಟರ್ ಮೋಹನ್‌ಕುಮಾರ್ ಹೇಳಿದ್ದು: "ಯಜಮಾನ್ರೇ, ಪಂಚರ್ ಅಂಗ್ಡಿಗೇ ಒಂದು ಸ್ಟೇಜ್ ಮಾಡಿಸ್ಕೊಡ್ತೀನಿ ಬಿಡಿ." ಉಗ್ರಪ್ಪ ನನಗೆಂದೇ ಒಂದು ಸ್ಟೂಲು ಹೊರಗೆ ಹಾಕಿದ್ದಾನೆ. "ಬಂದ್ರಾ? ಕೂತ್ಕಳಿ. ಗಾಳಿ ಏನಾರ ಇಳಿದೈತಾ ನೋಡ್ಲಾ?" ಎನ್ನುತ್ತಾನೆ. ನಾನೂ ನಗುತ್ತೇನೆ. ನಗದೆ ಏನು ಮಾಡಲಿ?

ಇದು ಶುರುವಾದದ್ದು ಮೂರು ವರ್ಷದ ಹಿಂದೆ. ನನ್ನ ಹೆಂಡತಿ ಪದ್ಮಲತಾ ಚಾತುರ್ಮಾಸದ ನಾಲ್ಕು ತಿಂಗಳಿಗೆ ದೇಶವ್ರತ ಹಿಡಿದಳು. ನಮ್ಮ ಜೈನರಲ್ಲಿ ಇದು ಹಿಂದಿನಿಂದ ಬಂದದ್ದು: ಇಷ್ಟು ದಿನ ಇಂಥ ಊರಿನಿಂದಾಚೆ ಕಾಲಿಡುವುದಿಲ್ಲ ಎಂದು ತನಗೆ ತಾನೇ ಗೆರೆ ಹಾಕಿಕೊಳ್ಳುವುದು. ಬೇಕೆಂದರೆ ದಾಟಬಹುದು, ಆದರೂ ದಾಟುವುದಿಲ್ಲ. ಅದರ ಬೆಲೆಯೆಲ್ಲ ಇರುವುದು ಅಲ್ಲಿ. ಇಷ್ಟು ಸಣ್ಣ ವಿಷಯ ಇಷ್ಟು ದೊಡ್ಡ ಪಂಡಿತರಿಗೆ ಹೊಳೆಯಲಿಲ್ಲ. ಆ ವರ್ಷ ತಾವು 'ವ್ರತ ಬಲವರ್ಧನೆ' ಯೋಜನೆ ತಂದಿರಿ. ಪಂಡಿತರು ಊರೂರಿಗೆ ಬಂದು, ಜನ ಹಿಡಿದ ವ್ರತಕ್ಕೆ ಯಾರಿಂದಲೂ ಮುರಿಯಲಾಗದ ಹಾಗೆ ಮಂತ್ರದ ಮುದ್ರೆ ಒತ್ತಿಕೊಟ್ಟರು. ನಮ್ಮೂರ ಹನುಮಯ್ಯ ಬೀಡಿ ಬಿಡುತ್ತೇನೆ ಎಂದ. ಈಗ ಅವನ ಎದುರಿಗೆ ಬೆಂಕಿಕಡ್ಡಿಯೇ ಹತ್ತುವುದಿಲ್ಲ. ಒಲೆ ಹಚ್ಚಬೇಕಾದರೆ ಅವನ ಹೆಂಡತಿ ಅವನನ್ನು ಹಿತ್ತಲಿಗೆ ಅಟ್ಟುತ್ತಾಳೆ. ಯೋಜನೆ ಯಶಸ್ವಿಯಾಯಿತು ಎಂದು ತಮ್ಮ ಪ್ರಕಟಣೆಯಲ್ಲಿ ಓದಿದೆ.

ಬಸದಿಯ ಜಗಲಿಯಲ್ಲಿ ತಮ್ಮ ಪಂಡಿತರು ಕೂತಿದ್ದರು. ಪದ್ಮಲತಾ ತನ್ನ ಗೆರೆ ಹೇಳಿದಳು: ಆ ಕಡೆ ಅರಸೀಕೆರೆ ಸ್ಟೇಷನ್ನು, ಏಕೆಂದರೆ ನನ್ನ ಕೊಬ್ಬರಿ ವ್ಯಾಪಾರ ಅಲ್ಲಿಯವರೆಗೆ, ಈ ಕಡೆ ಬೇಲೂರು ಪೇಟೆಯ ಕೊನೆ. ಪಂಡಿತರು ನನ್ನ ಕಡೆ ತಿರುಗಿ "ಯಜಮಾನರದ್ದು?" ಎಂದರು. ನನ್ನ ಮನಸ್ಸು ಕೊಬ್ಬರಿ ಲಾರಿಯ ಮೇಲಿತ್ತು. "ಡಿಟ್ಟೋ" ಎಂದೆ.

"ಹಾಗಂದ್ರೆ?"

"ಅವಳ ಗೆರೆನೇ ನನ್ನ ಗೆರೆ. ಅವಳದ್ದು ಎಂದು ಮುಗಿಯುತ್ತೋ ನನ್ನದೂ ಅಂದೇ."

ಪದ್ಮಲತಾ ನನ್ನ ತೋಳು ತಿವಿದಳು. "ರೀ, ಯೋಚ್ನೆ ಮಾಡಿ ಹೇಳಿ. ನಾಲ್ಕು ತಿಂಗ್ಳು ಅರೇಹಳ್ಳಿ ಇಲ್ಲ."

"ನೀನು ಬರ್ದೆ ಇದ್ಮೇಲೆ ಅರೇಹಳ್ಳಿಗೆ ನಾನೊಬ್ನೇ ಹೋಗಿ ಏನು ಮಾಡ್ಲಿ?" ಎಂದೆ. ಅವಳು ನಕ್ಕಳು. ತಮ್ಮ ಪಂಡಿತರು ಮುದ್ರೆ ಒತ್ತಿದರು.

ಅಕ್ಕನಿಗೂ ಅವಳಿಗೂ ಒಂಬತ್ತು ವರ್ಷದಿಂದ ಮಾತಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಮ್ಮಮ್ಮನ ಹಿತ್ತಾಳೆ ಹಂಡೆ ಯಾರಿಗೆ ಸೇರಬೇಕು ಎನ್ನುವುದು ಕಾರಣ. ಆದರೆ ಆ ಚಾತುರ್ಮಾಸದಲ್ಲಿ ಪದ್ಮಲತಾ ಮೆತ್ತಗಾಗಿದ್ದಳು. "ವ್ರತ ಮುಗಿದ ಮಾರನೇ ದಿನವೇ ನಿಮ್ಮಕ್ಕನ ಹತ್ರ ಹೋಗೋಣ. ಹಂಡೆ ಅವ್ರೇ ಇಟ್ಕೊಳ್ಲಿ. ಕ್ಷಮೆ ಮಾತ್ರ ನಾನೇ ಮೊದ್ಲು ಕೇಳ್ತೀನಿ, ನೀವು ಬಾಯಿ ಹಾಕ್ಬೇಡಿ," ಎಂದಿದ್ದಳು. ವ್ರತ ಮುಗಿಯಲು ಹದಿಮೂರು ದಿನ ಇರುವಾಗ, ಬೆಳಗಿನ ಪೂಜೆಗೆ ಹೂ ಬಿಡಿಸುತ್ತಿದ್ದವಳು ಅಲ್ಲೇ ಕುಸಿದಳು. ಡಾಕ್ಟರು ಬರುವಷ್ಟರಲ್ಲಿ ಹೋಗಿದ್ದಳು.

ತಮ್ಮ ಪರಿಷತ್ತು ಏನು ತೀರ್ಮಾನಿಸಿತು? ನಾಲ್ಕು ತಿಂಗಳು ತುಂಬಿದ ದಿನ ವ್ರತ ಹಿಡಿದವಳೇ ಬಾಯಿಬಿಟ್ಟು 'ಮುಗಿಯಿತು' ಎನ್ನಬೇಕಿತ್ತು. ಅವಳು ಅನ್ನಲಿಲ್ಲ. ಮುರಿಯಲೂ ಇಲ್ಲ. ಆದ್ದರಿಂದ ಪದ್ಮಲತಾ ಎಂಬುವರ ವ್ರತ ಜಾರಿಯಲ್ಲಿದೆ, ಅದರ ಜೊತೆಗೆ ಕಟ್ಟಿಕೊಂಡ ನನ್ನದೂ ಜಾರಿಯಲ್ಲಿದೆ. ವಿತ್ ಡ್ಯೂ ರೆಸ್ಪೆಕ್ಟ್ ಕೇಳುತ್ತೇನೆ: ಜಾರಿಯಲ್ಲಿದ್ದರೆ ಅದನ್ನು ನಡೆಸುತ್ತಿರುವವಳು ಎಲ್ಲಿ? ಅವಳಿದ್ದಾಳೆ ಎಂದಾದರೆ ದಯವಿಟ್ಟು ಮನೆಗೆ ಕಳಿಸಿಕೊಡಿ. ನಾನು ಜನ್ಮದಲ್ಲಿ ಅರೇಹಳ್ಳಿಯ ಹೆಸರೆತ್ತುವುದಿಲ್ಲ. ಇಲ್ಲ ಎಂದಾದರೆ, ಇಲ್ಲದವಳ ವ್ರತದೊಳಗೆ ಇರುವವನನ್ನು ಯಾಕೆ ಕೂಡಿಹಾಕಿದ್ದೀರಿ?

ನಿಜ ಹೇಳಬೇಕೆಂದರೆ ಮೊದಲ ವರ್ಷ ನನಗೆ ಬೇಸರವೇ ಆಗಲಿಲ್ಲ. ಸಂಜೆ ಬೇಲೂರಿಗೆ ಹೋಗಿ ಆ ಗೆರೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ಒರಗಿದರೆ ತಡೆಯುತ್ತದೆ. ಅವಳು ಆಡಿದ ಮಾತಿನಲ್ಲಿ ಇನ್ನೂ ಗಟ್ಟಿಯಾಗಿ ಉಳಿದಿರುವುದು ಇದೊಂದೇ ಅನ್ನಿಸುತ್ತಿತ್ತು. ಈಗ ಹಾಗನ್ನಿಸುವುದಿಲ್ಲ. ಅಕ್ಕನಿಗೆ ಎಪ್ಪತ್ತೆಂಟು, ಶ್ವಾಸಕೋಶ ಕೈಕೊಟ್ಟಿದೆ, ಅವಳನ್ನು ಕಾರಿನಲ್ಲಿ ಕೂರಿಸುವ ಹಾಗಿಲ್ಲ. ಹೆಚ್ಚೆಂದರೆ ಎರಡು ವಾರ ಎಂದಿದ್ದಾರೆ ಡಾಕ್ಟರು.

ಅರಸೀಕೆರೆಯಲ್ಲಿರುವ ತಮ್ಮ ಕಚೇರಿಗೆ ಹೋದೆ. ಅದು ಗೆರೆಯ ಒಳಗೇ ಇದೆ, ಪುಣ್ಯ. ಅಲ್ಲಿನ ಕಿರಿಯ ಪಂಡಿತರು ಮರ್ಯಾದಸ್ಥರು, ಕುರ್ಚಿ ಕೊಟ್ಟರು, ಒಂದು ಫಾರಂ ಕೊಟ್ಟರು. 'ನನ್ನ ಹೆಂಡತಿ ಬದುಕಿದ್ದಾಗ ಗೆರೆ ದಾಟಿ ವ್ರತ ಮುರಿದಿದ್ದಳು' ಎಂದು ನಾನು ಸಹಿ ಹಾಕಬೇಕಂತೆ. ಆಗ ಅವಳ ವ್ರತ ರದ್ದು, ನನ್ನದೂ ರದ್ದು.

"ಅವಳು ಮುರೀಲಿಲ್ವಲ್ಲ ಸ್ವಾಮಿ. ಮುರಿಯಕ್ಕೆ ಆಗ್ದಂಗೆ ಮುದ್ರೆ ಒತ್ತಿದವ್ರು ನೀವೇ."

"ಸಹಿ ಹಾಕಿದ್ರೆ ಮುರಿದಿದ್ರು ಅಂತ ಆಗುತ್ತೆ, ಯಜಮಾನ್ರೇ."

ಆಗುತ್ತದೆ ಎಂದರೆ ಏನೆಂದು ಈ ಸೀಮೆಯ ಜನಕ್ಕೆ ಗೊತ್ತು. ಲಕ್ಕಮ್ಮನ ಬಾವಿ ಮೊದಲಿನಿಂದಲೂ ಕರಿಯಯ್ಯನದು ಎಂದು ತಾವು ಮುದ್ರೆ ಹಾಕಿದ ಮಾರನೇ ದಿನ, ಸ್ವತಃ ಲಕ್ಕಮ್ಮ ನಮ್ಮ ಜಗಲಿಯಲ್ಲಿ ಕೂತು "ಅದು ಅವರಪ್ಪನ ಕಾಲದಿಂದ ಅವರದೇ ಅಲ್ವಾ?" ಎಂದಳು. ನನಗೂ ಹಾಗೆಯೇ ನೆನಪು. ಆದರೆ ಅವಳ ಗಂಡ ಆ ಬಾವಿ ತೋಡಿಸಿದ ಸುದ್ದಿ ಹಳೆಯ ಪತ್ರಿಕೆಯೊಂದರಲ್ಲಿ ಅಚ್ಚಾಗಿದೆ. ಅದನ್ನು ತೋರಿಸಿದೆ. ಬಹಳ ಹೊತ್ತು ಓದಿದಳು, ಆ ಹಾಳೆಯನ್ನು ಮಡಚಿ ಸೆರಗಿಗೆ ಕಟ್ಟಿಕೊಂಡು ಹೋದಳು. ತಮ್ಮ ಮುದ್ರೆ ಮನುಷ್ಯರ ನೆನಪನ್ನು ತಿದ್ದುತ್ತದೆ, ಅಚ್ಚಾದ ಅಕ್ಷರವನ್ನು ತಿದ್ದುವುದಿಲ್ಲ ಎಂದು ನನಗೆ ತಿಳಿದದ್ದು ಹಾಗೆ.

ಅಂದರೆ ನಾನು ಸಹಿ ಹಾಕಿ ಅದರ ಮೇಲೆ ತಮ್ಮ ಮುದ್ರೆ ಬಿದ್ದರೆ, ಪದ್ಮಲತಾ ಯಾರಿಗೂ ಹೇಳದೆ ಗೆರೆ ದಾಟಿ ಮನೆಗೆ ಬಂದು ಏನೂ ಆಗದವಳಂತೆ ನನಗೆ ಬಡಿಸಿದಳು ಎಂದು ನಾನೇ ನಂಬುತ್ತೇನೆ. ನಲವತ್ತಮೂರು ವರ್ಷ ಜೊತೆಗಿದ್ದವಳ ಮೇಲೆ ನಾನೇ ಗುಮಾನಿ ಪಡುತ್ತಾ ಸಾಯುತ್ತೇನೆ. ಸಹಿ ಹಾಕದಿದ್ದರೆ ಅಕ್ಕ ಬಾಗಿಲ ಕಡೆ ನೋಡುತ್ತಾ ಹೋಗುತ್ತಾಳೆ. ಇಷ್ಟೇ ತಮ್ಮ ನ್ಯಾಯ, ಇನ್ ಟೋಟೋ, ಪೂರ್ತಿಯಾಗಿ.

ಅಕ್ಕನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಉಸಿರು ಹಿಡಿದು ಹಿಡಿದು ಮಾತಾಡಿದಳು. "ಹಾಕ್ಬೇಡ ಕಣೋ. ಜಗಳಗಂಟಿ ನಿಜ, ಆದ್ರೆ ಕಳ್ಳಿ ಅಲ್ಲ ಅವ್ಳು. ನನ್ನ ನೋಡಕ್ಕೆ ಅವಳ ಮೇಲೆ ಸುಳ್ಳು ಬರ್ದು ಬರೋದಾದ್ರೆ ಬರ್ಲೇಬೇಡ." ಸ್ವಲ್ಪ ಹೊತ್ತು ಕೆಮ್ಮಿದಳು. ಆಮೇಲೆ, "ಬೆಳಗಿನ ಬಸ್ಸು ಎಷ್ಟೊತ್ತಿಗೋ?" ಎಂದಳು.

ನನ್ನ ಬೇಡಿಕೆ ಇಷ್ಟೇ. 'ಪದ್ಮಲತಾಳ ವ್ರತ ಪೂರ್ಣವಾಯಿತು' ಎಂದು ತಾವು ಬಾಯಿಬಿಟ್ಟು ಒಂದು ಮಾತು ಹೇಳಬೇಕು. ತಾವು ಆಡಿದರೆ ಮೋಡ ಸರಿಯುತ್ತದೆಯಂತೆ. ಮೂರು ಪದ ಭಾರವೇ? ಮಂಗಳವಾರದವರೆಗೆ ಕಾಯುತ್ತೇನೆ. ತಾವು ಹೇಳದಿದ್ದರೆ ಅಂದು ಅರಸೀಕೆರೆಗೆ ಹೋಗಿ ಫಾರಂ ಕೊಟ್ಟು ಅಲ್ಲಿಂದ ನೇರ ಅರೇಹಳ್ಳಿಗೆ ಹೋಗುತ್ತೇನೆ. ಅಕ್ಕನ ಮಾತನ್ನು ನಾನು ಯಾವ ಕಾಲಕ್ಕೆ ಕೇಳಿದ್ದೇನೆ?

ಈ ಪತ್ರವನ್ನು ತಮ್ಮ ಕಚೇರಿಗೆ ಕಳಿಸದೆ ಅಚ್ಚಿಗೆ ಕೊಟ್ಟದ್ದು ಅದಕ್ಕಾಗಿಯೇ. ಓದುಗರೇ, ಈ ಹಾಳೆಯನ್ನು ಕತ್ತರಿಸಿ ಇಟ್ಟುಕೊಳ್ಳಿ. ಮಂಗಳವಾರದ ನಂತರ ನಾನು ಎದುರು ಸಿಕ್ಕಾಗ, ನನ್ನ ಹೆಂಡತಿ ವ್ರತ ಮುರಿದವಳು ಎಂದು ನನ್ನ ಬಾಯಲ್ಲಿ ಬಂದರೆ, ವಾದಿಸಬೇಡಿ. ಇದನ್ನು ನನ್ನ ಕೈಗೆ ಕೊಟ್ಟು ಓದಲು ಹೇಳಿ.

ಇಂತಿ,
ಸದ್ಯಕ್ಕೆ ಎಲ್ಲವೂ ಸರಿಯಾಗಿ ನೆನಪಿರುವ
ಪ್ರಭಾಚಂದ್ರ
ಬಸ್ತಿಹಳ್ಳಿ