ಗೋಡೆಯಿಂದ ಒಂದು ಗೇಣು

ಭಾನುವಾರ, ಮಾರ್ಚ್ ೧೪

ಏನೂಂದ್ರೆ,

ಮೂರು ವರ್ಷದ ಮೇಲೆ ಹೀಗೆ ಕರೆಯುತ್ತಿದ್ದೇನೆ. ಹರಿದುಹಾಕುವ ಮುಂಚೆ ಒಂದು ಸಲ ಪೂರ್ತಿ ಓದಿಬಿಡಿ.

ನಾನೀಗ ಬೇಕರಿಯ ಮೇಲಿನ ಕೋಣೆಯಲ್ಲಿ ವಯಸ್ಸಾದ ಹೆಂಗಸರಿಗೆ ವ್ಯಾಯಾಮ ಹೇಳಿಕೊಡುತ್ತೇನೆ. ಒಂಬತ್ತು ಜನ, ಒಂಬತ್ತು ಕುರ್ಚಿ. ಅಷ್ಟಕ್ಕೇ ಕೋಣೆ ಭರ್ತಿ. ಹಾಡು ಹಾಕಿದರೆ ಹಳೇ ಸ್ಪೀಕರ್ ಕಿರುಚುತ್ತಿತ್ತು. ನಮ್ಮಲ್ಲೊಬ್ಬರು ನರ್ಸಮ್ಮ ಇದ್ದಾರೆ. ನಿವೃತ್ತಿಯಾಗಿ ಹದಿನೈದು ವರ್ಷ. ಕಿವಿ ಮಂದ, ಬಾಯಿ ಚುರುಕು. ಒಂದು ದಿನ ಎದ್ದೇ ನಿಂತರು. "ಇದು ಹಾಡ್ತಿದೆಯೋ, ನಮ್ಮನ್ನ ಬೈತಿದೆಯೋ?" ಅಂದರು. ದೊಡ್ಡ ಸ್ಪೀಕರ್ ತರೋಣವೆಂದರೆ ಎರಡು ಕುರ್ಚಿ ಹೊರಗಿಡಬೇಕು. ಯಾರನ್ನು ಬರಬೇಡಿ ಅನ್ನಲಿ?

ಮಂಗಳವಾರ ನರ್ಸಮ್ಮನನ್ನೇ ಕರೆದುಕೊಂಡು ಅಂಗಡಿಗೆ ಹೋದೆ. ಅಂಗಡಿಯಾಕೆ ನಮ್ಮಿಬ್ಬರನ್ನೂ ಕೂರಿಸಿ ಮುಂದೆ ಪರದೆ ಎಳೆದರು. "ಕಣ್ಣಿಗೆ ತೋರಿಸಿದ್ರೆ ಎಲ್ಲರೂ ದೊಡ್ಡದನ್ನೇ ಕೇಳ್ತಾರೆ. ಕಿವಿ ಏನು ಹೇಳುತ್ತೆ ನೋಡೋಣ," ಅಂದರು. ಒಂದೇ ಹಾಡನ್ನು ಮೂರು ಜೋಡಿಯಲ್ಲಿ ಹಾಕಿದರು. ಮೊದಲನೆಯದು ಢಂಢಂ ಎಂದು ಹೊಟ್ಟೆಗೆ ಗುದ್ದಿತು, ಹಾಡುವವಳು ನಾಪತ್ತೆ. ಎರಡನೆಯದರಲ್ಲಿ ಎಲ್ಲವೂ ಸ್ಪಷ್ಟ, ಆದರೆ ಹುಳಿ ತಿಂದ ಹಾಗೆ ಹಲ್ಲು ಜುಮ್ಮೆಂದಿತು. ಮೂರನೆಯದು ಶುರುವಾದಾಗ ನರ್ಸಮ್ಮ ಕಿವಿಗೆ ಒಡ್ಡಿದ್ದ ಕೈಯನ್ನು ಮೆಲ್ಲಗೆ ಮಡಿಲಿಗೆ ಇಳಿಸಿದರು. "ಪಕ್ಕದಲ್ಲೇ ಕೂತು ಹಾಡ್ತಿದ್ದಾಳೆ ಕಣೇ," ಅಂದರು. ಕೆಳಗಿನ ಸ್ವರಗಳು ಬಿಸಿಲಿಗೆ ಹಾಕಿ ತಂದ ಕಂಬಳಿಯ ಹಾಗೆ ಮೈ ಸುತ್ತಿಕೊಂಡವು. ಅವಳು ಉಸಿರೆಳೆದುಕೊಳ್ಳುವುದೂ ಕೇಳಿತು.

ಪರದೆ ಸರಿಸಿದರೆ ಬಿಸ್ಕೆಟ್ ಡಬ್ಬಿಯಷ್ಟು ಎರಡು ಮರದ ಪೆಟ್ಟಿಗೆ! ಇಷ್ಟು ದನಿ ಎಲ್ಲಿ ಅಡಗಿತ್ತು ಎಂದು ಹಿಂದೆ ಮುಂದೆ ತಡಕಿದೆ. ಗಾಳಿಯಾಡಲು ಬೆನ್ನಿಗೆ ಕೊರೆದ ತೂತನ್ನು ಅಂಗಡಿಯಾಕೆ ತೋರಿಸಿದರು. ಮಾಡುವವರು ಒಬ್ಬ ಬಡಗಿಯಂತೆ. ತಿಂಗಳಿಗೆ ಎರಡೇ ಜೋಡಿಯಂತೆ. ಕೊಂಡವರ ಮನಸ್ಸಿಗೆ ಒಪ್ಪದಿದ್ದರೆ ತಾವೇ ಬಂದು ವಾಪಸ್ ಒಯ್ಯುತ್ತಾರಂತೆ. ಅದನ್ನೇ ಕೊಂಡೆ, ಜೊತೆಗೊಂದು ಚೀಟಿ ಕೊಟ್ಟರು. "ಗೋಡೆಯಿಂದ ಒಂದು ಗೇಣು ಮುಂದೆ ಇಡಿ. ಅಂಟಿಸಿದರೆ ದನಿ ಗುಂಯ್‌ಗುಡುತ್ತದೆ."

ಆ ಗುಂಡು ಅಕ್ಷರ ನನಗೆ ಗೊತ್ತಿಲ್ಲವೇ? ಚೀಟಿ ಹಿಡಿದುಕೊಂಡು ಅಲ್ಲೇ ಸ್ಟೂಲಿನ ಮೇಲೆ ಕೂತೆ. ನರ್ಸಮ್ಮ ಅಭ್ಯಾಸಬಲದಿಂದ ನಾಡಿ ಹಿಡಿದರು. "ನಮ್ಮನೆಯವರು ಮಾಡಿದ್ದು," ಎಂದೆ. ನಾಡಿ ಬಿಟ್ಟು ಕೈ ಹಿಡಿದುಕೊಂಡರು. ನಿಮ್ಮ ವಿಳಾಸ ಕೇಳಿ ಬರೆದುಕೊಂಡವರೂ ಅವರೇ.

ಕಾರ್ಖಾನೆಯ ಕೆಲಸ ಬಿಟ್ಟು ನೀವು ಪೆಟ್ಟಿಗೆ ಕಟ್ಟುತ್ತ ಕೂತಾಗ, ಈ ಡಬ್ಬಾಗಳಿಂದ ಯಾರು ಉದ್ಧಾರವಾಗುತ್ತಾರೆ ಎಂದು ಕೇಳಿದವಳು ನಾನು. ಉತ್ತರ ಸಿಕ್ಕಿದೆ. ಭುಜದ ನೋವೆಂದು ಒಂದು ವರ್ಷದಿಂದ ತೋಳೆತ್ತದ ನಮ್ಮ ತರಗತಿಯ ದರ್ಜಿಯಮ್ಮ, ಶುಕ್ರವಾರ ಹಾಡಿನ ಗುಂಗಿನಲ್ಲಿ ಕಿವಿಯ ಮಟ್ಟಕ್ಕೆ ಎತ್ತಿಬಿಟ್ಟರು. ಎತ್ತಿದ ಮೇಲೆ ಆ ಕೈಯನ್ನು ತಾವೇ ಬೆರಗಾಗಿ ನೋಡಿದರು. ಕೆಳಗಿನ ಬೇಕರಿಯವರು ಹಿಟ್ಟಿನ ಕೈಯಲ್ಲೇ ಮೆಟ್ಟಿಲೇರಿ ಬಂದು, ಹಾಡೋಕೆ ಯಾರು ಬಂದಿದ್ದಾರೆ ಎಂದು ಇಣುಕಿದರು. ನಾನು ಪೆಟ್ಟಿಗೆಯ ಕಡೆ ಬೆರಳು ತೋರಿಸಿದೆ.

ನಿಮ್ಮ ಕೈಯಲ್ಲಿ ಎಂಥ ವಿದ್ಯೆ ಇದೆ! ಒಂದೇ ಸೂರಿನಡಿ ಇದ್ದೂ ನಾನು ಕಿವಿಗೊಟ್ಟಿರಲಿಲ್ಲ. ಒಂದು ಸಲ ಬಂದು, ನೀವು ಮಾಡಿದ್ದನ್ನು ಈ ಒಂಬತ್ತು ಜನರ ನಡುವೆ ಕೂತು ಕೇಳಿ.

ಇಂತಿ,
ನಿಮ್ಮ ಜಗಳಗಂಟಿ

ಮತ್ತೊಂದು ಮಾತು: ನೀವು ಮಾಡಿದ ಮೊಟ್ಟಮೊದಲ ಜೋಡಿ ಬಾಲ್ಕನಿಯಲ್ಲಿ ಮಳೆಗೆ ನೆನೆದು ಉಬ್ಬಿಹೋಯಿತಲ್ಲ, ನೀವು ಮನೆ ಬಿಟ್ಟ ವಾರ. ಒಳಗಿಡಲು ಮರೆತೆ ಎಂದಿದ್ದೆ. ಮರೆತಿರಲಿಲ್ಲ. ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಇದನ್ನು ಓದಿದ ಮೇಲೂ ಬರುವ ಮನಸ್ಸಿದ್ದರೆ, ತರಗತಿ ಸಂಜೆ ಐದಕ್ಕೆ.